ಅಚ್ಚಾಗದ ಎರಡನೇ ಭಾಗ

ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯನ್ನು ಮೊನ್ನೆ ಖಾಲಿ ಮಾಡುತ್ತಿದ್ದೆ. ಸಿಂಕಿನ ಕೆಳಗೆ ಒಂದು ಪ್ಲಾಸ್ಟಿಕ್ ಕ್ಯಾನು ಸಿಕ್ಕಿತು. ಮುಚ್ಚಳ ತಿರುಗಿಸಿದ್ದೇ ತಡ, ಫಿಲಂ ತೊಳೆಯುವ ಹೈಪೋ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ಹುಳಿ ವಾಸನೆ ಬಂದು ಎಷ್ಟು ವರ್ಷವಾಯಿತೋ... ಅದರ ಬೆನ್ನಿಗೇ ಮ್ಯೂಸಿಯಂ ಮೇಡಂ ನೆನಪಾದರು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಸಕಲೇಶಪುರದಲ್ಲಿ ನನ್ನದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇಷ್ಟೇ ನನ್ನ ಪ್ರಪಂಚವಾಗಿತ್ತು. ಅವರು ಮೊದಲ ಸಲ ಅಂಗಡಿಗೆ ಬಂದು, "ಸಾಬ್ರೇ, ಕಲ್ಲಿನ ಫೋಟೋ ತೆಗೀತೀರಾ?" ಎಂದಾಗ ನಕ್ಕುಬಿಟ್ಟಿದ್ದೆ. ಅಲುಗಾಡದ ಗಿರಾಕಿ ಯಾರಿಗೆ ಬೇಡ?

ಆಗ ಅವರು ಜಿಲ್ಲೆಯ ಒಂದು ಪುಟ್ಟ ಮ್ಯೂಸಿಯಂನಲ್ಲಿ ಕ್ಯುರೇಟರ್. ಬಾಗಿಲು ತೆಗೆಯುವವರೂ ಅವರೇ, ವಿಗ್ರಹಗಳ ಧೂಳು ಒರೆಸುವವರೂ ಅವರೇ. ಹಾನುಬಾಳು ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರ ಮಗಳು. ಚಿಕ್ಕಂದಿನಲ್ಲಿ ಆಳುಗಳ ಲೈನ್ ಮನೆಗಳ ಹಿಂದಿನ ಬಟ್ಟೆ ಒಗೆಯುವ ಕಲ್ಲು ಒಂದು ಮಳೆಗೆ ಮಗುಚಿಬಿತ್ತಂತೆ. ನೋಡಿದರೆ ಅದರ ಅಡಿಯಲ್ಲಿ ಕತ್ತಿ ಎತ್ತಿ ನಿಂತ ವೀರನೊಬ್ಬನನ್ನು ಕೆತ್ತಿತ್ತಂತೆ. "ಅಷ್ಟು ವರ್ಷ ಅವನ ಬೆನ್ನ ಮೇಲೆ ಬಟ್ಟೆ ಕುಕ್ಕಿದ್ವಲ್ಲ" ಎಂದು ಹೇಳುವಾಗ ಆ ವಯಸ್ಸಿನಲ್ಲೂ ಅವರ ದನಿ ಇಳಿಯುತ್ತಿತ್ತು. ಮೈಸೂರಿಗೆ ಹೋಗಿ ಕಲಾ ಇತಿಹಾಸ ಓದಿದರು, ಡಾಕ್ಟರೇಟ್ ಮಾಡಿದರು. ದೊಡ್ಡ ಊರುಗಳಲ್ಲಿ ಕೆಲಸ ಸಿಗುತ್ತಿತ್ತು. ಬೇಡವೆಂದು ಇಲ್ಲಿಗೇ ವಾಪಸ್ಸು ಬಂದರು.

ಹತ್ತು ಹನ್ನೆರಡು ವರ್ಷ ಭಾನುವಾರಗಳೆಲ್ಲ ಹಾಗೇ ಹೋದವು. ನಮ್ಮಣ್ಣನ ಜೀಪಿನಲ್ಲಿ, ನಾನೇ ಓಡಿಸಿಕೊಂಡು, ನಾವಿಬ್ಬರೇ ಆಲೂರು, ಸಕಲೇಶಪುರದ ಗುಡ್ಡ ತೋಟಗಳನ್ನೆಲ್ಲ ಸುತ್ತಿದೆವು. ಪೊದೆಯೊಳಗೆ ಕಲ್ಲು ಕಂಡರೆ ಮೇಡಂ ಹಲ್ಲುಜ್ಜುವ ಬ್ರಷ್ಷಿನಿಂದ ಪಾಚಿ ಕೆರೆದು, ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬೀಳಿಸುತ್ತಿದ್ದರು. ಬರೀ ಬಂಡೆಯಾಗಿದ್ದದ್ದು ಕಣ್ಣು, ಮೂಗು, ಕೈಬಳೆಗಳಾಗಿ ಎದ್ದು ಬರುತ್ತಿತ್ತು. ಆ ಗಳಿಗೆಯಲ್ಲಿ ನಾನು ಕ್ಲಿಕ್ಕಿಸಬೇಕು. ನಾನು ಫೋಟೋಗ್ರಾಫರ್ ಆಗಿದ್ದು ಆ ಭಾನುವಾರಗಳಲ್ಲೇ.

ಆಲೂರಿನ ಕುಂದೂರು ಹೋಬಳಿಯ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಮರದಡಿ, ಒಂದು ಮೊಳದ ಕರಿಕಲ್ಲಿನ ದೇವಿಯಿದ್ದಳು. ಪೂಜೆ ಮಾಡುತ್ತಿದ್ದ ಅಜ್ಜಿ ಕ್ಯಾಮೆರಾ ನೋಡಿದ್ದೇ ಅಡ್ಡ ನಿಂತಳು.

"ಫೋಟ ಗೀಟ ಬ್ಯಾಡ ಕಣವ್ವ. ಅಮ್ಮ ಇಲ್ಲಿ ತಣ್ಣಗವ್ಳೆ. ನಾಕು ಜನಕ್ಕೆ ಯಾಕೆ ಗೊತ್ತಾಗ್ಬೇಕು?"

"ದಾಖಲೆ ಆದ್ರೆ ಯಾರೂ ಮುಟ್ಟಕ್ಕಾಗಲ್ಲ ಅಜ್ಜಿ. ನಾನಿದೀನಿ" ಎಂದರು ಮೇಡಂ. ಅಜ್ಜಿ ಅವರ ಮುಖ ನೋಡಿ ಪಕ್ಕಕ್ಕೆ ಸರಿದಳು. ನಾನು ಫೋಟೋ ತೆಗೆದೆ.

ಈ ಕಲ್ಲು ವಿಗ್ರಹಗಳ ಬಗ್ಗೆ ಮೇಡಂ ಬರೆಯುತ್ತಿದ್ದ ಪುಸ್ತಕದ ಮೊದಲ ಭಾಗ, ಆಲೂರಿನ ಕಡೆಯದು, ಅಚ್ಚಾಗಿ ಬಂತು. ಪ್ರತಿ ವಿಗ್ರಹಕ್ಕೂ ನನ್ನ ಫೋಟೋ, ಊರಿನ ಹೆಸರು, ಕೊನೆಯಲ್ಲಿ ಹೋಗುವ ದಾರಿಯ ನಕ್ಷೆ. ವಿದ್ವಾಂಸರು ಹೊಗಳಿದರು. ನಾನು ಒಂದು ಪ್ರತಿಯನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿಟ್ಟೆ.

ಎರಡು ವರ್ಷ ಕಳೆಯುವುದರೊಳಗೆ ವಿಗ್ರಹಗಳು ಕಾಣೆಯಾಗತೊಡಗಿದವು. ಮೊದಲು ಒಂದು ಗಣಪತಿ, ಆಮೇಲೆ ಸೂರ್ಯ, ಆಮೇಲೆ ಕೆರೆ ಏರಿಯ ದೇವಿ... ಕೊನೆಗೆ ಪೊಲೀಸರು ಒಬ್ಬನನ್ನು ಹಿಡಿದು, ಗುರುತು ಹೇಳಲು ಮೇಡಂ ಅವರನ್ನು ಠಾಣೆಗೆ ಕರೆಸಿದರು. ಜೊತೆಗೆ ನಾನೂ ಹೋದೆ. ಮೇಜಿನ ಮೇಲೆ ವಿಗ್ರಹಗಳಿರಲಿಲ್ಲ, ಅವೆಲ್ಲ ಆಗಲೇ ಎಲ್ಲೋ ದಾಟಿಹೋಗಿದ್ದವು. ಇದ್ದದ್ದು ಕಳ್ಳನ ಹತ್ತಿರ ಸಿಕ್ಕ ಮೇಡಂ ಪುಸ್ತಕ. ಕದ್ದವುಗಳ ಪುಟಕ್ಕೆಲ್ಲ ಬಾಲ್ ಪೆನ್ನಿನಲ್ಲಿ ಸರಿ ಗುರುತು ಹಾಕಿತ್ತು.

"ನಿಮ್ ಪುಸ್ತಕ ಬಾಳ ಜನಕ್ಕೆ ಉಪಯೋಗ ಆಗೈತೆ ಮೇಡಂ" ಎಂದ ಪೊಲೀಸಿನವನು. ತಮಾಷೆಗೆ ಅಂದಿದ್ದಿರಬೇಕು. ಮೇಡಂ ಪುಟ ಮಗುಚುತ್ತಲೇ ಇದ್ದರು.

ಅಲ್ಲಿಂದ ನೇರವಾಗಿ ಕುಂದೂರು ಕಡೆಗೆ ಜೀಪು ತಿರುಗಿಸಲು ಹೇಳಿದರು. ಅಜ್ಜಿ ಬರಿದಾದ ಕಟ್ಟೆಯ ಪಕ್ಕದಲ್ಲೇ ಕೂತಿದ್ದಳು. ಬಯ್ಯಲಿಲ್ಲ. "ನೀವು ಬರೀದಿದ್ರೆ ನಮ್ಮೂರು ಐತೆ ಅಂತ್ಲೂ ಅವ್ರಿಗೆ ಗೊತ್ತಾಗ್ತಿರ್ನಿಲ್ಲ ಕಣವ್ವ" ಎಂದಳು, ಅಷ್ಟೇ. ಬಯ್ದಿದ್ದರೆ ಮೇಡಂ ಉಳಿದುಕೊಳ್ಳುತ್ತಿದ್ದರೇನೋ.

ಅದಾದ ಮೇಲೆ ಅವರು ಒಂದು ಕೆಲಸ ಶುರುಮಾಡಿದರು. ಪುಸ್ತಕವಿದ್ದ ಲೈಬ್ರರಿಗಳನ್ನು ಹುಡುಕಿಕೊಂಡು ಹೋಗಿ, ಓದುವವರ ಹಾಗೆ ಕೂತು, ನಕ್ಷೆಯ ಹಾಳೆಗಳನ್ನು ಬ್ಲೇಡಿನಿಂದ ಕೊಯ್ದುಕೊಂಡು ಬರುತ್ತಿದ್ದರು. ಜೀವಮಾನವೆಲ್ಲ ಹರಿದ ಕಾಗದವನ್ನು ಅಂಟಿಸಿಟ್ಟ ಹೆಂಗಸು! ಒಂದು ಕಡೆ ಸಿಕ್ಕಿಬಿದ್ದು ಬಯ್ಯಿಸಿಕೊಂಡರು. ಲೇಖಕಿ ತಾನೇ ಎಂದು ಹೇಳಲಿಲ್ಲವಂತೆ.

ಎರಡನೇ ಭಾಗ, ಸಕಲೇಶಪುರದ ಕಡೆಯದು, ಅಷ್ಟರಲ್ಲಿ ಬರೆದು ಮುಗಿದಿತ್ತು. ಹಾನುಬಾಳಿನ ಮೇಲಿನ ಒಂದು ಕಣಿವೆ ಅಂಚಿನಲ್ಲಿ ನಮಗೆ ಏಳು ವೀರಗಲ್ಲುಗಳು ಸಿಕ್ಕಿದ್ದವು. ಒಂದರಲ್ಲಿ ಒಬ್ಬ ಹೆಂಗಸು ಸೊಂಟದಲ್ಲಿ ಮಗು ಇಟ್ಟುಕೊಂಡೇ ಕುಡುಗೋಲಿನಿಂದ ಹುಲಿಗೆ ಹೊಡೆಯುತ್ತಿದ್ದಳು. ಮಗು ಹುಲಿಯನ್ನು ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿತ್ತು. "ಇಂಥದ್ದು ನಾನು ಎಲ್ಲೂ ನೋಡಿಲ್ಲ ಸಾಬ್ರೇ. ಇವಳೊಬ್ಬಳು ಸಾಕು, ನನ್ನ ಜನ್ಮಕ್ಕೆ" ಎಂದಿದ್ದರು ಮೇಡಂ.

ರಿಟೈರ್ ಆಗಿ ಸಕಲೇಶಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡರು. ಒಂದು ದಿನ ಕಾರಿನಲ್ಲಿ ಒಬ್ಬ ಬಂದು, ಬಹಳ ಮರ್ಯಾದೆಯಿಂದ, ಎರಡನೇ ಭಾಗವನ್ನು ತಾನೇ ಅಚ್ಚು ಹಾಕಿಸುತ್ತೇನೆ, ಸ್ಥಳದ ವಿವರಗಳನ್ನು ಮೊದಲು ಕೊಡಿ ಎಂದು ಕೇಳಿದನಂತೆ. ಮಾರನೇ ದಿನವೇ ಮೇಡಂ ಅಂಗಡಿಗೆ ಬಂದರು.

"ಸಾಬ್ರೇ, ನೆಗೆಟಿವ್ ಎಲ್ಲಾ ಕೊಡಿ. ಒಂದನ್ನೂ ಇಟ್ಕೋಬೇಡಿ. ನಿಮ್ಮನ್ನ ನಂಬಿ ಕೇಳ್ತಿದೀನಿ."

ಯಾಕೆಂದು ಕೇಳಲಿಲ್ಲ. ಕೊಟ್ಟೆ. ಮಧ್ಯಾಹ್ನ ಅವರ ಹಿತ್ತಲಲ್ಲಿ ಹಸ್ತಪ್ರತಿ, ಟಿಪ್ಪಣಿ ಪುಸ್ತಕಗಳು, ಪ್ರಿಂಟುಗಳು, ನೆಗೆಟಿವ್‌ಗಳು ಎಲ್ಲವನ್ನೂ ಸುಟ್ಟರು. ಫಿಲಂ ಸುರುಟಿಕೊಂಡು ಕರಗುವುದನ್ನು ನಾನು ನಿಂತು ನೋಡಿದೆ. ಹುಲಿಗೆ ಹೊಡೆಯುವ ಹೆಂಗಸಿನ ಫೋಟೋವನ್ನು ಕೊನೆಗೆ ಹಾಕಿ, "ಇನ್ನು ಇವಳನ್ನ ಯಾರೂ ಹುಡುಕಲ್ಲ" ಎಂದರು ಮೇಡಂ. ಒಂದನ್ನಾದರೂ ಬಚ್ಚಿಟ್ಟುಕೊಳ್ಳಬಹುದಿತ್ತು ಎಂದು ಆಗ ಅನ್ನಿಸಲಿಲ್ಲ... ನಂಬಿ ಕೇಳಿದ್ದರಲ್ಲ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಸಕ್ಕರೆ ಕಾಯಿಲೆಯಿತ್ತು, ಮಾತ್ರೆ ನುಂಗುವುದನ್ನು ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ, "ನಾನು ನೋಡದೆ ಇದ್ದಿದ್ರೆ ಎಲ್ಲಾ ಅಲ್ಲಲ್ಲೇ ಇರ್ತಿದ್ವು" ಎಂದರು. ಅವರನ್ನು ಮಣ್ಣು ಮಾಡುವಾಗ ಇದ್ದವರು ಏಳೆಂಟು ಜನ.

ಕತ್ತಲೆ ಕೋಣೆಯಲ್ಲಿ ಇದೆಲ್ಲ ನೆನಪಾದ ಮೇಲೆ ಮನಸ್ಸು ತಡೆಯಲಿಲ್ಲ. ಇಷ್ಟು ವರ್ಷ ಯಾರೂ ಹಿಂಬಾಲಿಸಬಾರದೆಂದು ನಾನು ಆ ಏಳು ಕಲ್ಲುಗಳ ಕಡೆಗೇ ಹೋಗಿರಲಿಲ್ಲ. ನಿನ್ನೆ ಹೋದೆ. ಕಣಿವೆ ಅಂಚಿನಲ್ಲಿ ಹೊಸ ರಸ್ತೆ ಮಾಡುತ್ತಿದ್ದರು. ಜೆಸಿಬಿ ಗುಡ್ಡದ ಆ ಪಕ್ಕೆಯನ್ನು ಕೊರೆದು, ಮಣ್ಣು ಕಲ್ಲನ್ನೆಲ್ಲ ಪ್ರಪಾತಕ್ಕೆ ತಳ್ಳಿಯಾಗಿತ್ತು. ಏಳರಲ್ಲಿ ಒಂದೂ ಇರಲಿಲ್ಲ.

ಅಲ್ಲಿದ್ದ ಇಂಜಿನಿಯರ್ ಹುಡುಗ ಒಳ್ಳೆಯವನು. ನನ್ನ ಮಾತನ್ನೆಲ್ಲ ಕೇಳಿಸಿಕೊಂಡ.

"ಕೆಲಸಕ್ಕೆ ಮುಂಚೆ ಸರ್ವೆ ಆಗೈತೆ ಸಾರ್. ಇಲ್ಲಿ ಹಳೇ ಕಲ್ಲು ಇದ್ವು ಅಂತ ಎಲ್ಲೂ ದಾಖಲೆ ಇರ್ಲಿಲ್ಲ. ಇದ್ದಿದ್ರೆ ರಸ್ತೆನ ಆ ಕಡೆ ತಿರುಗಿಸ್ತಿದ್ವಿ. ಈಗ್ಲೂ ಮಣ್ಣು ಹುಡುಕ್ಸಕ್ಕೆ ಮೇಲಕ್ಕೆ ಬರೀತೀನಿ. ಒಂದು ಫೋಟೋ ಆದ್ರೂ ಐತಾ?"

ಸೊಂಟದ ಮಗು, ಕುಡುಗೋಲು, ಹುಲಿ... ಕೈಯಲ್ಲೇ ಗಾಳಿಯಲ್ಲಿ ತೋರಿಸಿದೆ. ಅವನು ಪಾಪ, ಪೆನ್ನು ಹಿಡಿದುಕೊಂಡು ಕಾಯುತ್ತಿದ್ದ. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಆ ಹೆಂಗಸನ್ನು ಕಂಡವರು ಲೋಕದಲ್ಲಿ ಇಬ್ಬರೇ ಇದ್ದೆವು. ಒಬ್ಬರು ಹೋದರು. ನನ್ನ ಕಣ್ಣಿಗೂ ಪೊರೆ ಬಂದಿದೆ. ಮಗುವಿನ ಮುಖ ಈಗಲೇ ಸರಿಯಾಗಿ ನೆನಪಿಗೆ ಬರುವುದಿಲ್ಲ.