ಷೋಕೇಸಿನ ಸೈನ್ಯಕ್ಕೆ ಆಯುಧಪೂಜೆ

ಗೆಳೆಯರೇ, ಇವತ್ತು ನಮ್ಮ ಮಧುಗಿರಿ ಮನೇಲಿ ಮಹಾಯುದ್ಧವೇ ನಿಂತುಹೋಯ್ತು!

ಬೆಳಿಗ್ಗೆ ತಾನೇ ಪಾರ್ಸೆಲ್ಲಲ್ಲಿ ನನ್ನ ಸಂಗ್ರಹದ ಕೊನೆಯ ಬೊಂಬೆ ಬಂತು. ಪಳಪಳ ಹೊಳೆಯೋ ಲೋಹದ ಕುದುರೆ ಸವಾರ! ಷೋಕೇಸಲ್ಲಿ ಮೈಸೂರು ಸೈನ್ಯ, ಎದುರಿಗೆ ಕೆಂಪು ಕೋಟಿನ ಇಂಗ್ಲಿಷರು. ಜೋಡಿಸಿ ಕುಣಿದಾಡಿಬಿಟ್ಟೆ. ಸ್ನಾನ ಮುಗಿಸಿ ಬಂದು ನೋಡ್ತೀನಿ, ಎಲ್ಲರ ಹಣೆಗೂ ವಿಭೂತಿ!

"ಅಮ್ಮಾ, ಕೆಂಪು ಕೋಟಿನೋರು ಶತ್ರುಗಳು!"

"ಕೈಯಾಗೆ ಕತ್ತಿ, ಕೋವಿ ಐತಲ್ಲ, ಆಯುಧಪೂಜೆ ದಿನ ಅಂಗೇ ಬುಡಕಾಯ್ತದಾ? ಎದ್ರುಬದ್ರು ನಿಂತಿದ್ರೆ ಮನೇಲಿ ಜಗಳ ಕಣ್ಲಾ. ಎಲ್ರನ್ನೂ ಪೂರ್ವಕ್ಕೆ ತಿರುಗಿಸ್ಬುಟ್ಟೆ."

ಪೂರ್ವಕ್ಕಿರೋದು ನಮ್ಮ ಟಿವಿ. ಎರಡೂ ಸೈನ್ಯ ಒಂದಾಗಿ ಈಗ ಅಮ್ಮನ ಧಾರಾವಾಹಿ ಮೇಲೆ ದಂಡೆತ್ತಿ ನಿಂತಿವೆ. ಆ ರಿಮೋಟು ಕಸಿಯೋಕೆ ಹೋಗಿ ಗೆದ್ದುಬಂದವರು ಈ ಮನೇಲಿ ಯಾರೂ ಇಲ್ಲ ಅಂತ ಪಾಪ, ಅವರಿಗೆ ಗೊತ್ತಿಲ್ಲ.