ಗುರುಬಸಮ್ಮನ ಹಳೇ ಕಂಪ್ಯೂಟರು ಮಾತಾಡಿದ್ದು

ಕೊಟ್ಟೂರಿನ ಅಕ್ಕಸಾಲಿಗರ ಓಣಿಯಲ್ಲಿ ಗುರುಬಸಮ್ಮನಿಗೆ ಟೈಪಿಂಗ್ ಟೀಚರ್ ಅಂತಲೇ ಹೆಸರು. ಉಚ್ಚಂಗಿದುರ್ಗದಿಂದ ಸೊಸೆಯಾಗಿ ಬಂದವಳು. ನಮ್ಮ ಮನೆಯ ಮುಂದಿನ ಪಡಸಾಲೆಯನ್ನು ಬಾಡಿಗೆಗೆ ಹಿಡಿದು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡ ಮೇಲೆ ಬಿಕೋ ಅನ್ನುತ್ತಿದ್ದ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಟಕಟಕ ಸದ್ದು. ನನಗೆ ಅದೇ ಹಿತವಾಗಿತ್ತು.

ತಲೆಯಲ್ಲಿ ಬಿಳಿ ಕೂದಲು ಕಾಣುವ ವಯಸ್ಸಿಗೆ ಅವಳು ಆ ಟೈಪಿಂಗ್ ಮಷೀನುಗಳನ್ನೆಲ್ಲ ಮಾರಿ ಎರಡು ಕಂಪ್ಯೂಟರು ತಂದಳು. ದಾವಣಗೆರೆಯ ಯಾವುದೋ ಹತ್ತಿ ಮಿಲ್ಲಿನವರು ಆಫೀಸು ಮುಚ್ಚಿದಾಗ ಹೊರಗೆ ಹಾಕಿದ ಮಾಲು. ಒಂದು ಹಳೇದು, ಇನ್ನೊಂದು ಅದಕ್ಕಿಂತ ಹಳೇದು. ಕಡಿಮೆ ಹಳೇದನ್ನೇ ಎಲ್ಲರೂ ಹೊಸದು ಅನ್ನುತ್ತಿದ್ದರು.

“ಇವೇನವ್ವ ಗುರುಬಸವ್ವ, ಮುದುಕರ ಹಲ್ಲಿನಂಗ ಹಳದಿ ಅದಾವ?” ಅಂದೆ.

“ಹಳದಿ ಇದ್ರ ಏನಾತು ರುದ್ರಕ್ಕ, ರೊಟ್ಟಿ ಕಡಿದ್ರ ಸಾಕಿಲ್ಲೇನು?” ಅಂದಳು.

ಆಮೇಲೆ ಅವಳು ಊಟ ಮಾಡುವಾಗಲೂ ಕಂಪ್ಯೂಟರಿನ ಪುಸ್ತಕ ಬಿಡಲಿಲ್ಲ. ಸಾರಿನ ಕೈಯಲ್ಲೇ ಹಾಳೆ ತಿರುವುತ್ತಿದ್ದಳು. ವರ್ಷ ತುಂಬುವುದರೊಳಗೆ ಡಬ್ಬಿ ಬಿಚ್ಚಿ ಜೋಡಿಸುವಷ್ಟು ಕಲಿತಳು, ಹುಡುಗಿಯರಿಗೂ ಕಲಿಸಿದಳು.

ಎರಡು ಸಾವಿರದ ಎರಡನೇ ಇಸವಿ ಇರಬೇಕು. ಕಂಪ್ಯೂಟರ್ ಪರೀಕ್ಷೆ ಬರೆಯಲು ಬಳ್ಳಾರಿಗೆ ಹೋಗಬೇಕಿತ್ತು. ಕೊಟ್ಟೂರಲ್ಲೇ ಬರೆಸಲು ಪರ್ಮಿಶನ್ ಕೊಡಿ ಅಂತ ಗುರುಬಸಮ್ಮ ಕೇಳಿಕೊಂಡಿದ್ದಳು. ದಸರೆ ಮುಗಿದ ಮೇಲೆ ಪರೀಕ್ಷೆ ನಡೆಸುವ ಸಾಹೇಬರು ಬಂದು ನೋಡುತ್ತಾರೆ ಅಂತ ಹೇಳಿಕಳಿಸಿದರು. ಎರಡೂ ಕಂಪ್ಯೂಟರಿಗೆ ತಂತಿ ಜೋಡಿಸಿರಬೇಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯಬೇಕು, ಅದು ಅವರ ಕರಾರು. ಆ ತಂತಿ ಬಂದು ಕೂರುವ ಹಸಿರು ಹಲಗೆಗೆ ನೆಟ್‌ವರ್ಕ್ ಕಾರ್ಡು ಅನ್ನುತ್ತಾರೆ.

ಹುಡುಗಿಯರಲ್ಲಿ ಕೋಗಳಿಯ ಮೈಲಮ್ಮ ಬಲು ಚುರುಕು. ಅವಳಪ್ಪ ಮಾರಣ್ಣ ಕುರಿ ಸಾಕುವವನು. ನಮ್ಮ ಕಟ್ಟೆಯ ಮೇಲೆ ಕೂತು ಕಡ್ಡಿ ಮುರಿದಂತೆ ಹೇಳಿದ್ದ: “ಕೊಟ್ಟೂರಾದ್ರ ಪರೀಕ್ಷಿ ಬರೀಲಿ ಟೀಚರ್. ಬಳ್ಳಾರಿಗೆ ನಾ ಕಳಸಂಗಿಲ್ಲ. ವರ ನೋಡ್ಯೀನಿ, ಕಾರ್ಯ ಮಾಡಿ ಕೈ ತೊಳ್ಕಂತೀನಿ.” ಮೈಲಮ್ಮ ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು.

ಆಯುಧ ಪೂಜೆ ಬಂತು. ಓಣಿಯಲ್ಲಿ ಅಕ್ಕಸಾಲಿಗರು ಸುತ್ತಿಗೆ, ಚಿಮಟ ತೊಳೆದಿಟ್ಟು ಪೂಜೆ ಮಾಡುವುದನ್ನು ನೋಡಿದ ನಮ್ಮ ಹುಡುಗಿಯರಿಗೂ ಹುರುಪು. ಡಬ್ಬಿಗೆ ಮೇಲಿಂದ ಹೂವು ಹಾಕಿದರೆ ಆಯಿತೇ? ಎರಡನ್ನೂ ಬಿಚ್ಚಿ, ಧೂಳು ಹೊಡೆದು, ಕಾರ್ಡುಗಳನ್ನು ಕಿತ್ತು, ವಿಭೂತಿ ಮೂರು ಗೆರೆ ಎಳೆದು, ಕುಂಕುಮ ಇಟ್ಟು ಆರತಿ ಬೆಳಗಿದರು. ಗುರುಬಸಮ್ಮ ಆ ಹೊತ್ತಿಗೆ ತನ್ನ ಮನೆಯ ಪೂಜೆಗೆ ಹೋಗಿದ್ದಳು. ನಾನು ಕುಂಕುಮದ ಕೆಲಸಕ್ಕೆ ಕೈ ಹಾಕುವವಳಲ್ಲ. ಹರಿವಾಣ ಕೊಟ್ಟು ಒಳಬಾಗಿಲಲ್ಲಿ ನಿಂತು ನೋಡಿದೆ.

ಮರುದಿನ ಎರಡೂ ಕಂಪ್ಯೂಟರು ಚಾಲೂ ಆದವು. ಆದರೆ ಒಂದಕ್ಕೊಂದು ಮಾತಿಲ್ಲ. ಪರದೆಯ ಮೇಲೆ ಕಾರ್ಡಿನ ಹೆಸರಿನ ಪಕ್ಕ ಹಳದಿ ಗುರುತು ಬಂದು ಕೂತಿತ್ತು. ಗುರುಬಸಮ್ಮ ನನಗೆ ಬಿಡಿಸಿ ಹೇಳಿದಳು: “ಕಾರ್ಡನ್ನ ಹೆಂಗ ದುಡಿಸಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡಾಕ ಡ್ರೈವರ್ ಅಂತ ಒಂದು ಐತಿ ರುದ್ರಕ್ಕ. ಅದು ಈ ಫ್ಲಾಪಿಯಾಗ ಇರ್ತತಿ. ಹಾಕಿದ್ರೂ ಹಿಡೀವಲ್ದು.” ಫ್ಲಾಪಿ ಅಂದರೆ ಅಂಗೈಯಗಲದ ಚೌಕ ಬಿಲ್ಲೆ, ಮಿಲ್ಲಿನವರು ಕೊಟ್ಟದ್ದು ಎರಡು. ಒಂದರ ಮೇಲೆ ‘ಹಳೇ ಕಂಪ್ಯೂಟರ್’, ಇನ್ನೊಂದರ ಮೇಲೆ ‘ಹೊಸ ಕಂಪ್ಯೂಟರ್’ ಅಂತ ಬರೆದ ಚೀಟಿ. ಅದರದರ ಫ್ಲಾಪಿಯನ್ನು ಅದರದರ ಬಾಯಿಗೆ ಕೊಟ್ಟು ಕೊಟ್ಟು ಅವಳ ಬೆರಳು ನೊಂದವು.

ಹೊಸಪೇಟೆಯಿಂದ ರಿಪೇರಿಯವನು ಬಂದ. ಮುಚ್ಚಳ ತೆಗೆದವನೇ ನಕ್ಕ. “ಏನ್ರಿ ಮೇಡಂ, ಇದಕ್ಕ ವಿಭೂತಿ ಬಡದು ಮಠದ ಐನಾರು ಮಾಡಿಬಿಟ್ಟೀರಿ! ಬೂದಿ ಒಳಗ ಇಳದು ಕಾರ್ಡು ಸತ್ತಾವ. ಈ ನಮೂನಿ ಉದ್ದ ಸಂದಿಗೆ ಹೊಸ ಕಾರ್ಡು ಕೂಡಂಗಿಲ್ಲ, ಹಳೇವು ಈಗ ಎಲ್ಲೂ ಸಿಗಂಗಿಲ್ಲ.”

ಹುಡುಗಿಯರ ಮುಖ ಬಾಡಿತು. ಮೈಲಮ್ಮ ಅಳತೊಡಗಿದಳು. “ವಿಭೂತಿ ಅರೆದಾಕಿ ನಾನೇ ಟೀಚರ್...”

“ಸುಮ್ನಿರಲೇ! ನಮ್ಮ ಮಂದಿ ಹುಟ್ಟಿದಾಗಿಂದ ಹಚ್ಕಂತಾರ, ಯಾರು ಸತ್ತಾರ?” ಅಂತ ಗದರಿದಳು ಗುರುಬಸಮ್ಮ. ಗದರಿದಳೇ ಹೊರತು ಅವಳ ಮುಖದಲ್ಲೂ ರಕ್ತ ಇರಲಿಲ್ಲ. ಸಾಹೇಬರು ಬರುವುದು ನಾಳೆಯೇ.

ನಾನು ಸಮಾಧಾನಕ್ಕೆ ಚಹಾ ತಂದಿಟ್ಟೆ. ಏನಾದರೂ ಮಾತಾಡಬೇಕಲ್ಲ ಅಂತ ಅಂದೆ: “ಎಷ್ಟು ಚಂದ ಮಾಡಿದ್ರವ್ವ ಪೂಜಿ. ನಮ್ಮ ಹಿತ್ತಾಳಿ ಹರಿವಾಣದಾಗ ಎಲ್ಲಾ ಕಾರ್ಡೂ ಸಾಲಾಗಿ ಕುಂತು, ಮದುವಿ ಪಂಕ್ತಿ ಇದ್ದಂಗಿತ್ತು.”

ಗುರುಬಸಮ್ಮ ಲೋಟ ಕೆಳಗಿಟ್ಟಳು. “ಎಲ್ಲಾ ಅಂದ್ರ? ಎರಡೂ ಕಂಪ್ಯೂಟರಿಂದೂ ಒಂದೇ ಹರಿವಾಣದಾಗೇನು?”

“ನಮ್ಮನಿಯಾಗ ಇರೋದೇ ಒಂದು ಹರಿವಾಣ!”

“ಮೈಲೀ, ತಿರುಗಿ ಹಾಕುವಾಗ ಯಾವುದು ಯಾವುದರದು ಅಂತ ನೋಡಿದ್ಯಾ?”

ಮೈಲಮ್ಮ ಕಣ್ಣೊರೆಸಿಕೊಂಡಳು. “ಎರಡೂ ಹಸರ ಇದ್ದುವಲ್ಲ ಟೀಚರ್...”

ಗುರುಬಸಮ್ಮ ಎರಡೂ ಕಾರ್ಡು ಕಿತ್ತಳು. ಅವುಗಳ ಹೆಸರು ಇರುವ ಜಾಗದಲ್ಲೇ ಕುಂಕುಮ ಗಟ್ಟಿಯಾಗಿ ಕೂತಿತ್ತು. ಒರೆಸಿದರೂ ಅಕ್ಷರ ಸಾಸಿವೆಗಿಂತ ಸಣ್ಣವು. ಕಾರ್ಡು ಹಿಡಿದುಕೊಂಡೇ ಎದುರುಮನೆಯ ಅಕ್ಕಸಾಲಿ ಮೌನೇಶನ ಹತ್ತಿರ ಓಡಿದಳು. ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು ಕೊಟ್ಟ.

“ಟೀಚರ್, ಈ ಅಂಚಿಗೆ ಬಂಗಾರದ ನೀರು ಕುಡಿಸ್ಯಾರಲ್ರಿ! ಕರಗಿಸಿ ಒಂದು ಮೂಗುಬಟ್ಟು ಮಾಡ್ಲೇನು?”

“ಮೊದ್ಲು ಇದು ಬಾಯಿ ಬಿಡ್ಲಿ ತಡಿಯೋ. ಬಿಡದಿದ್ರ ನೀನ ಕರಗಿಸಿಕ್ಯಾ.”

ಗುರುಬಸಮ್ಮ ವಾಪಸ್ ಬಂದು ಗಾಜಿನಲ್ಲಿ ನೋಡಿ ಒಂದೊಂದೇ ಅಕ್ಷರ ಓದಿದಳು, ಮೈಲಮ್ಮ ಫ್ಲಾಪಿಯೊಳಗಿನ ಹೆಸರಿಗೆ ತಾಳೆ ನೋಡಿದಳು. ಸಂಶಯ ಖರೆ ಆಯಿತು. ಹಳೇದರ ಕಾರ್ಡು ಹೊಸದರ ಹೊಟ್ಟೆಯಲ್ಲಿ, ಹೊಸದರದು ಹಳೇದರ ಹೊಟ್ಟೆಯಲ್ಲಿ! ಚೀಟಿ ಇದ್ದದ್ದು ಕಂಪ್ಯೂಟರಿನ ಹೆಸರಲ್ಲಿ, ಡ್ರೈವರು ಬೇಕಾದದ್ದು ಕಾರ್ಡಿಗೆ.

“ಕಾರ್ಡು ಈಗ ಎಲ್ಲಿಂದ ಕಿತ್ತೆವೋ ಅಲ್ಲೇ ಕೂಡ್ಸು. ಅಲ್ಲಿ ಹೊಂದಿಕ್ಯಂಡಾವ, ಬ್ಯಾರೆ ಕಡೆ ತುರುಕಿದ್ರ ಮುರದಾವು. ಫ್ಲಾಪಿ ಅದಲು ಬದಲು ಹಾಕು” ಅಂದಳು. ಹೊಸದರಲ್ಲಿ ಹಳದಿ ಗುರುತು ಹೋಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಹಳೇದು ಕರ್ ಕರ್ ಅಂತ ಫ್ಲಾಪಿ ಅಗಿದು, ಆರಿ, ಹೊತ್ತಿ, ಮತ್ತೆ ಅದೇ ಗುರುತು ತೋರಿಸಿತು. ಚಪ್ಪಾಳೆ ನಿಂತಿತು.

ಗುರುಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬಹಳ ಹೊತ್ತು ಪರದೆ ನೋಡಿದಳು. “ಹೆಸರು ಸರಿ ಹಿಡದೈತಿ. ನಂಬರಿನ ಜಗಳ ಇದು. ಈ ಕಾರ್ಡಿಗೂ ಹಾಡು ಹಾಡೋ ಕಾರ್ಡಿಗೂ ಒಂದೇ ನಂಬರ್ ಐತಿ. ಒಂದು ಬಾಗಲದಾಗ ಇಬ್ರು ನುಗ್ಗಾಕ ಹತ್ಯಾರ.” ಹಾಗೆಂದವಳೇ ಹಾಡಿನ ಕಾರ್ಡನ್ನು ಎಳೆದು ಹೊರಗಿಟ್ಟಳು.

“ಅಯ್ಯೋ ಟೀಚರ್, ಹಾಡು!” ಅಂದರು ಹುಡುಗಿಯರು.

“ಹಾಡು ನಿಮ್ಮ ಮದುವಿಯಾಗ ಕೇಳ್ರಿ. ಈಗ ಒತ್ತು, ಮೈಲೀ.”

ಮೈಲಮ್ಮ ಒತ್ತಿದಳು. ಹಳೇದು ಎದ್ದಿತು. ಹಳದಿ ಗುರುತು ಇರಲಿಲ್ಲ. ಅವಳು ತನ್ನ ಹೆಸರು ಬರೆದು ಕಳಿಸಿದಳು, ಗುರುಬಸಮ್ಮ ಇತ್ತ ಹೊಸದರಲ್ಲಿ ತೆರೆದಳು. ಮೈಲಮ್ಮ ಅಂತ ಇಂಗ್ಲಿಷಿನಲ್ಲಿ ಬಂದು ನಿಂತಿತ್ತು. ಆ ಹುಡುಗಿ ಕೂಗಿದ ಕೂಗಿಗೆ ಮೌನೇಶ ಕುಲುಮೆ ಬಿಟ್ಟು ಓಡಿಬಂದ. “ಹಂಗಾದ್ರ ಮೂಗುಬಟ್ಟು ಇಲ್ಲ ಅಂದಂಗಾತು” ಅಂದ. ನಾವೆಲ್ಲ ನಕ್ಕೆವು.

ಮರುದಿನ ಸಾಹೇಬರು ಬಂದರು. ಮಾರಣ್ಣನೂ ಕಂಬಳಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಬಂದು ಕೂತ. ಮೈಲಮ್ಮ ಒಂದು ಸಾಲು ಕಳಿಸಿದಳು. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಮೊದಲೇ ಬರೆದಿಟ್ಟಿದ್ದೇನೋ ಅಂತ, “ನಿಮ್ಮಪ್ಪನ ಹೆಸರು ಹಾಕಿ ಕಳಿಸಮ್ಮ” ಅಂದರು. ಅದೂ ಹೋಯಿತು. ಸಾಹೇಬರು ಹೊಸದರ ಮುಂದೆ ಕೂತು, “ಯಾರಪ್ಪ ಮಾರಣ್ಣ ಅಂದರೆ?” ಅಂತ ಕೇಳಿದರು.

“ನಾನ್ರಿ” ಅಂತ ಅವನು ಗಾಬರಿಯಿಂದ ಎದ್ದು ನಿಂತ. “ಏನ್ ಮಾಡೀನ್ರಿ?”

“ನೀನೇನೂ ಮಾಡಿಲ್ಲ. ಮಗಳು ಮಾಡಿದ್ದಾಳೆ. ಪರೀಕ್ಷೆ ಇಲ್ಲೇ ಬರೆಯಲಿ.”

ಮಾರಣ್ಣ ಒಳಗೆ ಬಂದು ಪರದೆಯನ್ನೇ ನೋಡಿದ. ಅವನಿಗೂ ನನ್ನ ಹಾಗೆ ಇಂಗ್ಲಿಷ್ ಬಾರದು. “ಇದಾ ಏನವ್ವ ನಾನು?” ಅಂದ. ಆಮೇಲೆ ಗುರುಬಸಮ್ಮನ ಕಡೆ ತಿರುಗಿ, “ವರದ ಕಡಿಯೋರಿಗೆ ತಡೀರಿ ಅಂತೀನಿ ಟೀಚರ್” ಅಂದ.

ಪರೀಕ್ಷೆಯ ದಿನ ಸುದ್ದಿ ಕೇಳಿ ಹಡಗಲಿ, ಹರಪನಹಳ್ಳಿ ಕಡೆಯ ಹುಡುಗಿಯರೂ ಬಂದಿದ್ದರು. ಗುರುಬಸಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದು ಒಳಗೆ ಬಿಡುತ್ತಿದ್ದಳು. ಕಟ್ಟೆಯ ತುಂಬ ಚಪ್ಪಲಿ. ನನ್ನ ಮನೆಗೆ ನಾನು ಹೋಗಲು ಜಾಗ ಇರಲಿಲ್ಲ. ಹಿತ್ತಲ ಬಾಗಿಲಿಂದ ಸುತ್ತಿ ಬಂದೆ, ಖುಷಿಯಿಂದಲೇ.