ಮಂದೆ ಮೇಯ್ದ ಡೇಸಿ

ಕಳೆದ ವಾರ ತಿಪಟೂರಿನ ನಮ್ಮ ಹಿತ್ತಲಲ್ಲಿ ಹಳೆಯ ಡೇಸಿ ಗಿಡವೊಂದನ್ನು ಬುಡಸಮೇತ ಎತ್ತಿ, ಕುಡುಗೋಲಿನಿಂದ ನಾಲ್ಕು ಭಾಗ ಮಾಡಿದೆ. ಜಜ್ಜಿದ ಎಲೆಗಳಿಂದ ಒಗರು ವಾಸನೆ ಎದ್ದಿತು. ಹೂವಿಗಿರುವ ಚೆಂದ ಆ ವಾಸನೆಗಿಲ್ಲ... ಸೋಪು ಹಾಕಿ ತೊಳೆದರೂ ಕೈಬಿಡದು. ಅದರ ಜೊತೆಗೇ ನರ್ಸಮ್ಮ ನೆನಪಾದರು.

ಆಗ ನಾನು ಹುಳಿಯಾರಿನ ಆಚೆಯ ಒಂದು ಹಳ್ಳಿಗೆ ಹೊಸದಾಗಿ ಟೀಚರಾಗಿ ಬಂದಿದ್ದೆ. ನನ್ನ ಬಾಡಿಗೆ ಮನೆಗೂ ನರ್ಸಮ್ಮನ ಕ್ವಾರ್ಟರ್ಸಿಗೂ ನಡುವೆ ಇದ್ದದ್ದು ಒಂದು ಕತ್ತಾಳೆ ಬೇಲಿ. ಐವತ್ತರ ಆಸುಪಾಸಿನ, ಗಟ್ಟಿ ದನಿಯ, ಬಿರುಸು ನಡಿಗೆಯ ಹೆಂಗಸು. ಒಬ್ಬರೇ ಇದ್ದರು. ಸುತ್ತಲಿನ ಕುರಿಗಾಹಿ ಹಟ್ಟಿಗಳಲ್ಲಿ ಅವರು ಬಸುರಿ ಬಾಣಂತಿಯರನ್ನು ನೋಡಿಕೊಳ್ಳದ ಮನೆಯಿರಲಿಲ್ಲ. ಅದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಲೂ ಇದ್ದರು.

ಅವರ ಅಂಗಳದ ಮೂಡಣ ಬದಿಯಲ್ಲಿ ಡೇಸಿಗಳ ಉದ್ದನೆಯ ಮಡಿಯಿತ್ತು. ಹಾಸನದಲ್ಲಿ ತರಬೇತಿಗೆ ಹೋಗಿದ್ದಾಗ ಹಾಸ್ಟೆಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಒಂದೇ ಬೇರು ಅಷ್ಟು ಹಬ್ಬಿತ್ತು. ಬಿಳಿ ಎಸಳು, ನಡುವೆ ಹಳದಿ ಬೊಟ್ಟು. ಊರವರು ಅದನ್ನು ಬಿಳಿ ಸೇವಂತಿಗೆ ಎನ್ನುತ್ತಿದ್ದರು.

“ಈ ಬಿಸಿಲಿಗೆ ಬಾಳಲ್ಲ ಅಂದ್ರು ಎಲ್ರೂ. ಬಾಳ್ಸಿದೀನಿ ನೋಡಿ ಟೀಚರೇ,” ಎಂದು ಮೊದಲ ದಿನವೇ ಬೇಲಿಯಾಚೆಯಿಂದ ತೋರಿಸಿದ್ದರು.

ಬಾಳಿಸಿದ್ದು ಸುಮ್ಮನೆ ಅಲ್ಲ. ಬೆಳಗಿನ ಬಿಸಿಲು ನೇರ ಬಿದ್ದು ಮಧ್ಯಾಹ್ನ ತೆಂಗಿನ ಗರಿಗಳ ನೆರಳು ಬರುವ ಜಾಗವನ್ನೇ ಆರಿಸಿದ್ದರು. ಬುಡಕ್ಕೆ ತೆಂಗಿನ ನಾರಿನ ಪುಡಿ ಹಾಸಿ ತೇವ ಕಾಯುತ್ತಿದ್ದರು, ಆದರೆ ನೀರು ನಿಲ್ಲಲು ಬಿಡುತ್ತಿರಲಿಲ್ಲ. ಡ್ಯೂಟಿಗೆ ಹೊರಡುವ ಮುನ್ನ ಬಾಡಿದ ಹೂಗಳನ್ನು ಚಿವುಟುತ್ತಿದ್ದರು. ಒಂದು ಕೆಲಸ ಮಾತ್ರ ಅವರಿಂದ ಆಗುತ್ತಿರಲಿಲ್ಲ. ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಬೇಕು ಎಂದು ಗೊತ್ತಿತ್ತು. ಕತ್ತರಿ ಹಿಡಿದು ಕೂರುವರು, ಏಳುವರು... ಮನಸ್ಸು ಬಾರದು.

ಒಂದು ಮಧ್ಯಾಹ್ನ ಹಟ್ಟಿಯ ಅಜ್ಜಿಯೊಬ್ಬಳು ಮಂದೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದಳು. ಯಾರದೋ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಬೇಕಿತ್ತು. ನನ್ನ ಮನೆ ಮುಂದೆ ನಿಂತು ನೀರು ಕೇಳಿದಳು. ನಾನು ಚೊಂಬು ತರುವಷ್ಟರಲ್ಲಿ ಮಂದೆ ನರ್ಸಮ್ಮನ ಗೇಟಿನೊಳಗೆ ನುಗ್ಗಿತ್ತು. ಇಬ್ಬರೂ ಓಡಿ ಹೊರಗಟ್ಟುವ ಹೊತ್ತಿಗೆ ಮಡಿಯಲ್ಲಿ ಬೆರಳುದ್ದದ ಮೋಟುಗಳಷ್ಟೇ ಉಳಿದಿದ್ದವು.

ಅದೇ ಹೊತ್ತಿಗೆ ನರ್ಸಮ್ಮ ಬಂದರು. ಮಡಿಯನ್ನು ನೋಡಿದರು. ಅಜ್ಜಿಯನ್ನು ನೋಡಿದರು.

“ಇನ್ಮೇಲೆ ನಿಮ್ಮ ಮನೇರು ಯಾರೂ ಇಲ್ಲಿ ಕಾಲಿಡ್ಬ್ಯಾಡಿ,” ಎಂದರು.

“ಆಗ್ಲಿ ಕಣ್ರವ್ವ. ಇಡಲ್ಲ ಬುಡಿ,” ಎಂದು ಅಜ್ಜಿ ಕುರಿಗಳ ಹಿಂದೆ ಹೊರಟಳು. ನೀರನ್ನೂ ಕುಡಿಯಲಿಲ್ಲ.

ಅಜ್ಜಿ ಆಡಿದಂತೆ ನಡೆದುಕೊಂಡಳು. ಅವಳ ಸೊಸೆ ಏಳು ತಿಂಗಳ ಬಸುರಿ, ಚೊಚ್ಚಲು. ಆ ವಾರ ನರ್ಸಮ್ಮನ ಕ್ವಾರ್ಟರ್ಸಿಗೆ ತಪಾಸಣೆಗೆ ಬರಬೇಕಿತ್ತು, ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಶಾ ಕಾರ್ಯಕರ್ತೆಯ ಕೈಲಿ ಹೇಳಿ ಕಳಿಸಿದರೆ, “ಕಾಲಿಡ್ಬ್ಯಾಡಿ ಅಂದೋರು ಅವ್ರೇ ಅಲ್ವಾ?” ಎಂಬ ಉತ್ತರ ಬಂತು. ನರ್ಸಮ್ಮ ತಾವೇ ಹೋಗಬಹುದಿತ್ತು. ಎರಡು ದಿನ ಬಿಂಕ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತರು. ಮುಖದಲ್ಲಿ ನಿದ್ದೆ ಕೆಟ್ಟ ಕಳೆಯಿತ್ತು.

“ಆ ಹುಡುಗಿಗೆ ಹೋದ ಸಲವೇ ಬಿ.ಪಿ. ಏರಿತ್ತು ಟೀಚರೇ. ಅದು ಗೊತ್ತಿದ್ದೂ ಅಂಥಾ ಮಾತಾಡ್ಬಿಟ್ಟೆ. ಜೊತೆಗೆ ಬತ್ತೀರಾ?”

ಅವರ ಹಿಂದಿನ ಮಡಿಯಲ್ಲಿ ಪ್ರತಿ ಮೋಟಿನ ಸುತ್ತಲೂ ಎಳೆಯ ಚಿಗುರು ಒತ್ತಾಗಿ ಎದ್ದಿತ್ತು. ಅದರಲ್ಲಿ ಒಂದು ಹಿಂಡನ್ನು ಮಣ್ಣಿನ ಸಮೇತ ಎತ್ತಿ ತಟ್ಟೆಯಲ್ಲಿಟ್ಟುಕೊಂಡರು. ಹೆಗಲಿಗೆ ಬಿ.ಪಿ. ನೋಡುವ ಚೀಲ. ಇಬ್ಬರೂ ಹಟ್ಟಿಗೆ ಹೊರಟೆವು.

ಅಜ್ಜಿ ಜಗುಲಿಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿದ್ದಳು. ಏಳಲಿಲ್ಲ. ನರ್ಸಮ್ಮ ನಿಂತೇ ಹೇಳಿದರು: “ತಪ್ಪು ನಂದು ಕಣವ್ವ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ.”

ಅಜ್ಜಿ ತಟ್ಟೆಯನ್ನು ನೋಡಿದಳು. “ನಮ್ ಕುರಿ ಮೇಯ್ದಿದ್ದು ಇದೇಯಾ?”

“ಇದೇ. ಮೇಯ್ದಿದ್ದಕ್ಕೇ ಹಿಂಗೆ ಚಿಗುರೈತೆ. ನಾನೇ ಕತ್ತರಿಸ್ಬೇಕಿತ್ತು, ಕೈ ಬರ್ಲಿಲ್ಲ.”

“ಒಂದು ಮಾತು ಹೇಳಿದ್ರೆ ವರ್ಷಾ ವರ್ಷಾ ತಂದು ಬುಡ್ತಿದ್ನಲ್ಲವ್ವ,” ಎಂದಳು ಅಜ್ಜಿ. ಅವಳ ಮುಖ ಸಡಿಲಾಯಿತು. ಒಳಗಿದ್ದ ಸೊಸೆಯನ್ನು ಕೂಗಿದಳು.

ಹುಡುಗಿಯ ಮುಖ ಊದಿತ್ತು, ತಲೆ ಸಿಡಿಯುತ್ತಿದೆ ಎಂದಳು. ತೋಳಿಗೆ ಪಟ್ಟಿ ಸುತ್ತಿ ಮುಳ್ಳನ್ನು ನೋಡಿದ ನರ್ಸಮ್ಮ ಎರಡನೆಯ ಸಲ ನೋಡಲಿಲ್ಲ. ಆಂಬುಲೆನ್ಸಿಗೆ ಫೋನು ಹಚ್ಚಿದರು. ಅವಳ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತುಮಕೂರಿನವರೆಗೂ ಹೋದರು. ಅಂದೇ ಆಪರೇಷನ್ ಆಯಿತು. ದಿನ ತುಂಬದ, ಅಂಗೈಯಗಲದ ಹೆಣ್ಣು ಕೂಸು. ತಿಂಗಳು ದಾಟಿದ ಮೇಲೆ ತಾಯಿಯೂ ಮಗುವೂ ಕ್ಷೇಮವಾಗಿ ಹಟ್ಟಿಗೆ ಬಂದರು. ನರ್ಸಮ್ಮ ಆ ಸುದ್ದಿ ನನಗೆ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ಬೇಲಿಯಾಚೆ ನನಗೆ ಕೇಳಿಸಿತು.

ಆಮೇಲೂ ಅವರ ದನಿ ತಗ್ಗಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಆದರೆ ಬರಬೇಡಿ ಎಂಬ ಮಾತು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ವರ್ಷಕ್ಕೊಮ್ಮೆ ಡೇಸಿಗಳನ್ನು ತಾವೇ ನೆಲಮಟ್ಟಕ್ಕೆ ಕತ್ತರಿಸತೊಡಗಿದರು. ನನಗೆ ತಿಪಟೂರಿಗೆ ವರ್ಗವಾದಾಗ ಗಿಡದ ಒಂದು ಹಿಂಡನ್ನು ಬೇರುಸಮೇತ ಕಟ್ಟಿಕೊಟ್ಟು, “ಮೂರು ವರ್ಷಕ್ಕೊಂದು ಸಲ ಒಡೆದು ನೆಡಿ. ನಡುವಿನ ಒಣಬುಡ ಬಿಸಾಕಿ, ಅಂಚಿನ ಎಳೇವು ಇಟ್ಕೊಳ್ಳಿ. ಹೆದರ್ಬ್ಯಾಡಿ, ಅದು ಸಾಯಲ್ಲ,” ಎಂದಿದ್ದರು. ಅವರೆಂದಂತೆಯೇ ಆಯಿತು. ಈಗ ನಮ್ಮ ಬೀದಿಯಲ್ಲಿ ಡೇಸಿ ಇಲ್ಲದ ಮನೆ ಕಡಿಮೆ. ಗಿಡದ ವಿಷಯಕ್ಕೆ ನನ್ನನ್ನೇ ಕೇಳುತ್ತಾರೆ, ನಾನೂ ಅವರ ಹಾಗೆಯೇ ಗಟ್ಟಿಯಾಗಿ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಅವರು ದಬ್ಬೇಘಟ್ಟದಲ್ಲಿ ತಂಗಿಯ ಮನೆ ಸೇರಿದ್ದರು. ತಿಪಟೂರಿನಿಂದ ಅದೇನು ದೂರವಲ್ಲ. ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದು. ಫೋನಿನಲ್ಲಿ ಪ್ರತಿ ಸಲವೂ ಬರುತ್ತೇನೆ ಎನ್ನುತ್ತಿದ್ದೆ. ಶಾಲೆ, ಪರೀಕ್ಷೆ, ಮನೆಗೆಲಸ... ಹೋಗಿದ್ದು ಹೋದ ಬೇಸಿಗೆಯಲ್ಲಿ, ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ.

ತಂಗಿ ಕಾಫಿ ಕೊಟ್ಟು ಎದುರಿಗೆ ಕೂತರು. “ಟೀಚರ್ ಬತ್ತಾರೆ ಅಂತಿದ್ಲು ಕಣ್ರೀ,” ಎಂದರು, “ಭಾನುವಾರ ಬಂದ್ರೆ ಸಾಕು, ತಲೆ ಬಾಚ್ಕೊಂಡು ಕೂತಿರೋಳು.”

ಇಂದು ಭಾನುವಾರ. ಶಾಲೆಗೆ ರಜೆ. ದಬ್ಬೇಘಟ್ಟದ ಕಡೆಗೆ ಈಗಲೂ ಬಸ್ಸುಗಳಿವೆ.